ಮೂತ್ರಕೋಶದ ಕ್ಯಾನ್ಸರ್ ಆಪರೇಷನ್: ‘ಪ್ಯಾಕೇಜ್’ ಅಂದ ತಕ್ಷಣ ತಲೆಯಾಡಿಸಬೇಡಿ

ಬೆಂಗಳೂರಿನ ಒಂದು ದೊಡ್ಡ ಖಾಸಗಿ ಆಸ್ಪತ್ರೆಯಲ್ಲಿ ನಮ್ಮ ಚಿಕ್ಕಪ್ಪನ ಮೂತ್ರಕೋಶ ತೆಗೆಸಿದೆವು. ಬಿಲ್ಲಿಂಗ್ ಕೌಂಟರ್‌ನವರು ಹೇಳಿದ ಪ್ಯಾಕೇಜ್ ಸುಮಾರು 4.5 ಲಕ್ಷ. ಕೊನೆಗೆ ಆದದ್ದು ಅದರ ಎರಡು ಪಟ್ಟಿಗಿಂತ ಜಾಸ್ತಿ. ಆಪರೇಷನ್ ಮಾಡಿದ ಡಾಕ್ಟರ ಮೇಲೆ ನನಗೆ ದೂರಿಲ್ಲ. ದೂರು ಇರುವುದು ಆ ಪ್ಯಾಕೇಜಿನ ಕಾಗದದ ಮೇಲೆ.

ಗಡ್ಡೆ ಒಳಪದರದಲ್ಲೇ ಇದ್ದರೆ ಮೂತ್ರದ ದಾರಿಯಿಂದಲೇ ಕೆರೆದು ತೆಗೆಯುತ್ತಾರೆ. ಬೇಕಾದರೆ ಬಿಸಿಜಿ ಔಷಧಿ ಒಳಗೆ ಬಿಡುತ್ತಾರೆ. ಚಿಕ್ಕಪ್ಪನಿಗೆ ಅದು ಸ್ನಾಯುವಿನೊಳಗೆ ಇಳಿದಿತ್ತು. ಹಾಗಾಗಿ ಇಡೀ ಮೂತ್ರಕೋಶ ತೆಗೆದರು. ಸಣ್ಣ ಕರುಳಿನ ಒಂದು ತುಂಡು ಬೇರೆ ಮಾಡಿ, ಎರಡೂ ಕಿಡ್ನಿಯಿಂದ ಮೂತ್ರ ತರುವ ನಾಳಗಳನ್ನು ಅದಕ್ಕೆ ಜೋಡಿಸಿ, ಹೊಟ್ಟೆಯ ಮೇಲೆ ಬಾಯಿ ಮಾಡಿ ಮೂತ್ರ ತುಂಬಿಕೊಳ್ಳುವ ಚೀಲ ಅಂಟಿಸಿದರು. ಅಂದರೆ ಕರುಳಿಗೂ ಕತ್ತರಿ ಬಿತ್ತು. ಖರ್ಚು ಏರುವುದು ಇಲ್ಲಿಂದಲೇ.

ಆಪರೇಷನ್ ಆದ ಮೇಲೆ ಚಿಕ್ಕಪ್ಪನ ಕರುಳು ಬೇಗ ಮತ್ತೆ ಕೆಲಸ ಶುರು ಮಾಡಲೇ ಇಲ್ಲ. ಹೊಟ್ಟೆ ಉಬ್ಬಿತು, ಮೂಗಿಗೆ ಟ್ಯೂಬ್ ಹಾಕಿದರು, ಆಹಾರವನ್ನು ರಕ್ತನಾಳದ ಮೂಲಕ ಕೊಟ್ಟರು. ಆಮೇಲೆ ಸೋಂಕು, ಚಳಿಜ್ವರ, ಐಸಿಯು. ಮನೆಗೆ ಬಂದ ಮೇಲೆ ಜ್ವರ ಮರುಕಳಿಸಿ ಮತ್ತೆ ಅಡ್ಮಿಟ್. ಪ್ಯಾಕೇಜಿನಲ್ಲಿ ಇದ್ಯಾವುದೂ ಇಲ್ಲ! ದಿನ ಹೆಚ್ಚಾದರೆ ಬೇರೆ, ಐಸಿಯು ಬೇರೆ, ದುಬಾರಿ ಆ್ಯಂಟಿಬಯೋಟಿಕ್ ಬೇರೆ.

ಡಾಕ್ಟರನ್ನು ಕೇಳಿದರೆ, ಈ ಆಪರೇಷನ್‌ನಲ್ಲಿ ಇದೆಲ್ಲ ಅಪರೂಪವೇನಲ್ಲ ಅಂದರು. ನಿಜವೇ. ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲೂ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಮೊದಲ ಮೂರು ತಿಂಗಳೊಳಗೆ ಸಣ್ಣದೋ ದೊಡ್ಡದೋ ಏನಾದರೊಂದು ತೊಂದರೆ ಆಗುತ್ತದೆ. ಇದು ಗೊತ್ತಿದ್ದೂ, ಏನೂ ಆಗದಿದ್ದರೆ ಬರುವ ಖರ್ಚನ್ನಷ್ಟೇ ತೋರಿಸಿ ಅಡ್ವಾನ್ಸ್ ಕಟ್ಟಿಸಿಕೊಳ್ಳುವುದು ಯಾವ ನ್ಯಾಯ? ಅದಕ್ಕೇ ಹೇಳುವುದು, ಸಹಿ ಹಾಕುವ ಮುಂಚೆ ಎಷ್ಟು ದಿನದ ಪ್ಯಾಕೇಜ್, ಐಸಿಯು ದಿನಕ್ಕೆ ಎಷ್ಟು, ಮತ್ತೆ ಹೊಟ್ಟೆ ತೆರೆಯಬೇಕಾಗಿ ಬಂದರೆ ಎಷ್ಟು ಅಂತ ಬರವಣಿಗೆಯಲ್ಲಿ ಕೇಳಿ. ‘ಅದೆಲ್ಲ ಆಗಲ್ಲ ಬಿಡಿ ಸರ್’ ಅಂದರೆ ಒಪ್ಪಬೇಡಿ. ರೋಬೋಟ್‌ನಲ್ಲಿ ಮಾಡೋಣ ಅಂದರೆ, ಅದಕ್ಕೆ ನಿಮ್ಮ ಪಾಲಿಸಿ ಎಷ್ಟರವರೆಗೆ ಕೊಡುತ್ತದೆ ಅನ್ನುವುದನ್ನೂ ನೋಡಿಕೊಳ್ಳಿ.

ವಿಮೆಯದ್ದು ಇನ್ನೊಂದು ಕಥೆ. ಪಾಲಿಸಿ 5 ಲಕ್ಷದ್ದು, ರೂಮ್ ಬಾಡಿಗೆಗೆ ದಿನಕ್ಕೆ 5,000 ಮಿತಿ. ಖಾಲಿ ಇರುವುದು ಇದೊಂದೇ ಅಂತ ಆಸ್ಪತ್ರೆಯವರು ಕೊಟ್ಟ ರೂಮಿಗೆ 10,000. ಉಳಿದ 5,000 ನಾವು ಕೊಟ್ಟರೆ ಮುಗಿಯಿತು ಅನ್ನಿಸುತ್ತದೆ, ಅಲ್ವಾ? ಅಲ್ಲ. ಸರ್ಜನ್ ಫೀಸು, ಅನಸ್ತೇಶಿಯಾ, ಥಿಯೇಟರ್ ಚಾರ್ಜು ಎಲ್ಲಕ್ಕೂ ವಿಮಾ ಕಂಪನಿಯವರು ತಾವು ಕೊಡುವುದನ್ನು ಅದೇ ಲೆಕ್ಕದಲ್ಲಿ ಅರ್ಧಕ್ಕೆ ಇಳಿಸಿದರು. ಔಷಧಿ, ಪರೀಕ್ಷೆ, ಐಸಿಯು ಖರ್ಚಿಗೆ ಈ ಕತ್ತರಿ ಹಾಕುವಂತಿಲ್ಲ ಅಂತ ವಿಮಾ ನಿಯಂತ್ರಣ ಸಂಸ್ಥೆಯಾದ ಐಆರ್‌ಡಿಎಐ ನಿಯಮವಿದೆ. ನಮ್ಮ ಬಿಲ್ಲಿನಲ್ಲಿ ಅದಕ್ಕೂ ಹಾಕಿದ್ದರು. ಜಗಳ ಮಾಡಿದ ಮೇಲೆ ಸರಿ ಮಾಡಿದರು.

ಹೊಟ್ಟೆಗೆ ಅಂಟಿಸುವ ಚೀಲವನ್ನು ಕೆಲವು ದಿನಕ್ಕೊಮ್ಮೆ ಬದಲಾಯಿಸಬೇಕು, ಅದೂ ಜೀವನಪೂರ್ತಿ. ಈ ಖರ್ಚಿನ ಮಾತನ್ನು ಆಪರೇಷನ್‌ಗೆ ಮುಂಚೆ ಯಾರೂ ಎತ್ತಲಿಲ್ಲ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯನ್ನು ಮೊದಲೇ ವಿಚಾರಿಸಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಎಪಿಎಲ್‌ನವರಿಗೆ ಸರ್ಕಾರಿ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದವರೆಗೆ. ತುರ್ತು ಇಲ್ಲದಿದ್ದರೆ ಖಾಸಗಿಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು, ಹಾಗಾಗಿ ಅಡ್ಮಿಟ್ ಆದ ಮೇಲೆ ಓಡಾಡಿ ಪ್ರಯೋಜನವಿಲ್ಲ. ಬೆಂಗಳೂರಿನ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಕಿದ್ವಾಯಿಯಲ್ಲಿ ರಶ್ ಇರುತ್ತದೆ, ಕಾಯಬೇಕಾಗುತ್ತದೆ. ಆದರೂ ಒಮ್ಮೆ ಅಲ್ಲಿನ ಡಾಕ್ಟರ ಅಭಿಪ್ರಾಯ ಕೇಳಿ. ಹಾಗಂತ ದುಡ್ಡು ಹೊಂದಿಸುತ್ತಾ ತಿಂಗಳುಗಟ್ಟಲೆ ತಳ್ಳಬೇಡಿ, ಸ್ನಾಯುವಿಗೆ ಇಳಿದ ಕ್ಯಾನ್ಸರ್ ಕಾಯುವುದಿಲ್ಲ.

ಬಿಲ್ ಕೊಡುವಾಗ ಒಟ್ಟು ಮೊತ್ತದ ಹಾಳೆ ಮಾತ್ರ ಸಾಲದು, ಐಟಂ ಐಟಂ ಬರೆದ ಬಿಲ್ ಕೇಳಿ ಪಡೆಯಿರಿ. ವಿಮಾ ಕಂಪನಿ ತಪ್ಪು ಲೆಕ್ಕ ಹಾಕಿದ್ದರೆ ಮೊದಲು ಅವರಿಗೇ ದೂರು ಕೊಡಿ. ಒಂದು ತಿಂಗಳಾದರೂ ಉತ್ತರ ಬರದಿದ್ದರೆ, ಇಲ್ಲವೇ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಗ್ರಾಹಕರ ದೂರು ವಿಚಾರಿಸುವ ವಿಮಾ ಒಂಬುಡ್ಸ್‌ಮನ್‌ಗೆ ಬರೆಯಿರಿ. ಬೆಂಗಳೂರಿನಲ್ಲೇ ಕಚೇರಿ ಇದೆ. ಫೀಸಿಲ್ಲ, ವಕೀಲರೂ ಬೇಡ.