ರೆಸಿಡೆಂಟ್ ಈವಿಲ್ ರೆವಲೇಶನ್ಸ್ 2: ಟಾರ್ಚ್ ಹಿಡಿಯುವವರಿಗಾಗಿ ಒಂದು ಹಾರರ್ ಗೇಮ್

ಇಬ್ಬರು ಆಡುವ ಹಾರರ್ ಗೇಮ್‌ಗಳಲ್ಲಿ ಸಾಮಾನ್ಯವಾಗಿ ಇಬ್ಬರ ಕೈಗೂ ಗನ್ ಕೊಟ್ಟುಬಿಡುತ್ತಾರೆ. ಆಮೇಲೆ ಹೆದರಿಕೆ ಎಲ್ಲಿ ಉಳಿಯುತ್ತದೆ? ಇಬ್ಬರೂ ಗುಂಡು ಹಾರಿಸುತ್ತಾ ಮುಂದೆ ನುಗ್ಗುವುದು, ಅಷ್ಟೇ. ರೆವಲೇಶನ್ಸ್ 2 ಹಾಗಲ್ಲ. ಒಬ್ಬರಿಗೆ ಗನ್ ಕೊಡುತ್ತದೆ. ಇನ್ನೊಬ್ಬರಿಗೆ ಒಂದು ಟಾರ್ಚ್, ಒಂದು ಕಬ್ಬಿಣದ ರಾಡ್. ನಾನೂ ನನ್ನ ತಮ್ಮನೂ ಈ ಗೇಮ್ ಅನ್ನು ಬಹಳ ಕಾಲದಿಂದ ಮತ್ತೆ ಮತ್ತೆ ಆಡಿದ್ದೇವೆ. ಗನ್ ಅವನದು, ಟಾರ್ಚ್ ನನ್ನದು. ಬದಲಾಯಿಸಿಕೊಳ್ಳೋಣ ಅಂತ ಅವನು ಎಷ್ಟೋ ಸಲ ಕೇಳಿದ. ನಾನು ಕೊಟ್ಟಿಲ್ಲ.

ಕಥೆ ಗೊತ್ತಿಲ್ಲದವರಿಗೆ ಎರಡೇ ಮಾತು. ಕ್ಲೇರ್ ಮತ್ತು ಮೊಯಿರಾ ಒಂದು ದ್ವೀಪದ ಹಾಳು ಜೈಲಿನಲ್ಲಿ ಕಣ್ಣು ಬಿಡುತ್ತಾರೆ. ಕೈಯಲ್ಲಿ ಒಂದೊಂದು ಪಟ್ಟಿ ಕಟ್ಟಿರುತ್ತದೆ. ಭಯ ಹೆಚ್ಚಾದ ಹಾಗೆ ಅದರ ಬಣ್ಣ ಬದಲಾಗುತ್ತದೆ. ಆರು ತಿಂಗಳ ನಂತರ ಮೊಯಿರಾಳ ಅಪ್ಪ ಬ್ಯಾರಿ ಮಗಳನ್ನು ಹುಡುಕಿಕೊಂಡು ಅದೇ ದ್ವೀಪಕ್ಕೆ ಬರುತ್ತಾನೆ. ಅಲ್ಲಿ ಅವನಿಗೆ ನಟಾಲಿಯಾ ಅನ್ನುವ ಪುಟ್ಟ ಹುಡುಗಿ ಸಿಗುತ್ತಾಳೆ. ಪ್ರತಿ ಎಪಿಸೋಡಿನಲ್ಲೂ ಮೊದಲು ಕ್ಲೇರ್ ಜೋಡಿ, ಆಮೇಲೆ ಬ್ಯಾರಿ ಜೋಡಿ.

ಮೊಯಿರಾ ಗನ್ ಮುಟ್ಟುವುದಿಲ್ಲ. ಚಿಕ್ಕವಳಿದ್ದಾಗ ಮನೆಯಲ್ಲಿದ್ದ ಗನ್ ಕೈಗೆ ಸಿಕ್ಕಿ, ಗೊತ್ತಿಲ್ಲದೆ ತಂಗಿಗೇ ಗುಂಡು ತಗುಲಿಸಿದವಳು. ಆ ನೋವಿನಿಂದಲೇ ಟಾರ್ಚ್ ಹಿಡಿದಿದ್ದಾಳೆ. ಹಾಗಾಗಿ ನನ್ನ ಕೈಯಲ್ಲಿ ಗನ್ ಇಲ್ಲ ಅನ್ನುವುದು ಸುಮ್ನೆ ಆಟದ ನಿಯಮ ಅಂತ ಅನಿಸುವುದಿಲ್ಲ. ಅದು ಅವಳ ಸ್ವಭಾವವೇ ಅನಿಸುತ್ತದೆ.

ಈ ಟಾರ್ಚ್ ಮಾಡುವ ಕೆಲಸ ಒಂದೆರಡಲ್ಲ. ಬೆಳಕನ್ನು ಕಣ್ಣಿಗೆ ಬಿಗಿಯಾಗಿ ಹಿಡಿದರೆ ಮೈಮೇಲೆ ಬರುತ್ತಿರುವ ಶತ್ರು ತಡವರಿಸಿ ನಿಲ್ಲುತ್ತಾನೆ. ಅಷ್ಟರಲ್ಲಿ ತಮ್ಮ ಹತ್ತಿರ ಓಡಿ ಒಂದು ಒದೆ ಕೊಡುತ್ತಾನೆ. ನೆಲಕ್ಕೆ ಬಿದ್ದವನನ್ನು ನಾನು ರಾಡಿನಿಂದ ಮುಗಿಸುತ್ತೇನೆ. ಒಂದು ಗುಂಡೂ ಖರ್ಚಾಗುವುದಿಲ್ಲ. ಗುಂಡು ಯಾವಾಗಲೂ ಕಡಿಮೆ ಇರುವ ಈ ಆಟದಲ್ಲಿ ಅದು ದೊಡ್ಡ ಸಂಪಾದನೆ. ಬರಿಗಣ್ಣಿಗೆ ಕಾಣದ ಸಾಮಾನೂ ಬೆಳಕು ಬಿದ್ದಾಗಲೇ ಮಿನುಗುತ್ತದೆ. ಮೊಳೆ ಹೊಡೆದು ಮುಚ್ಚಿದ ಬಾಗಿಲು ತೆಗೆಯುವವಳೂ ಮೊಯಿರಾನೇ. ನಾನು ರಾಡ್ ಹಾಕಿ ಬಾಗಿಲು ಮೀಟುವಾಗ ತಮ್ಮ ಹಿಂದೆ ತಿರುಗಿ ಕಾವಲು ನಿಲ್ಲುತ್ತಾನೆ. ಆ ಕೆಲವು ಸೆಕೆಂಡು ಇಬ್ಬರೂ ಮಾತಾಡುವುದಿಲ್ಲ.

ಉಳಿದ ಸಮಯದಲ್ಲಿ ಮಾತೇ ಮಾತು.

"ಅಕ್ಕಾ, ಕಣ್ಣಿಗೆ ಹಿಡಿ, ಕಣ್ಣಿಗೆ!"

"ನಿಲ್ಲೋ, ಆ ಮೂಲೇಲಿ ಏನೋ ಮಿನುಗ್ತಿದೆ."

"ಆಮೇಲೆ ನೋಡೇ, ಇಲ್ಲಿ ಇಬ್ಬರು ಬರ್ತಿದಾರೆ!"

ಬ್ಯಾರಿಯ ಭಾಗಕ್ಕೆ ಬಂದರೆ ನನ್ನ ಕೈಗೆ ನಟಾಲಿಯಾ ಬರುತ್ತಾಳೆ. ನನಗೆ ಈ ಗೇಮ್‌ನಲ್ಲಿ ಅತ್ಯಂತ ಇಷ್ಟವಾದದ್ದು ಇದೇ. ಅವಳಿಗೆ ಗೋಡೆಯಾಚೆ ಇರುವ ಶತ್ರುಗಳೂ ಗೊತ್ತಾಗುತ್ತಾರೆ. ಕೆಲವರ ಮೈಮೇಲೆ ಎಲ್ಲಿ ಹೊಡೆದರೆ ಬೀಳುತ್ತಾರೆ ಅನ್ನುವುದೂ ಅವಳಿಗೇ ಕಾಣುತ್ತದೆ. ಗ್ಲಾಸ್ಪ್ ಅಂತ ಒಂದು ಹಾರುವ ಹುಳ ಇದೆ. ಬ್ಯಾರಿಯ ಕಣ್ಣಿಗೆ ಅದು ಕಾಣುವುದೇ ಇಲ್ಲ. ಮೈಗೆ ಅಂಟಿಕೊಂಡರೆ ಅಲ್ಲಿಗೆ ಆಟ ಮುಗಿಯಿತು. ನಟಾಲಿಯಾ ಬೆರಳು ತೋರಿಸಬೇಕು, ಬ್ಯಾರಿ ಆ ಕಡೆ ಗುಂಡು ಹಾರಿಸಬೇಕು. ತಮ್ಮ ಖಾಲಿ ಗಾಳಿಗೆ ಗುರಿ ಇಟ್ಟು ಕಾಯುತ್ತಾನೆ. ನಾನು ಎಡಕ್ಕೆ, ಇನ್ನೂ ಸ್ವಲ್ಪ ಮೇಲೆ, ಈಗ ಅನ್ನುತ್ತೇನೆ. ಅವನು ನನ್ನ ಮಾತನ್ನು ನಂಬಿ ಟ್ರಿಗರ್ ಒತ್ತುತ್ತಾನೆ. ಬೇರೆ ಯಾವ ಗೇಮ್‌ನಲ್ಲೂ ನಾವು ಒಬ್ಬರನ್ನೊಬ್ಬರು ಇಷ್ಟು ಗಮನಿಸಿ ಕೇಳಿದ್ದಿಲ್ಲ.

ಒಬ್ಬರೇ ಆಡಿದರೆ ಈ ಸುಖ ಅರ್ಧಕ್ಕರ್ಧ ಹೋಗುತ್ತದೆ. ಬಟನ್ ಒತ್ತಿ ಇಬ್ಬರ ನಡುವೆ ಬದಲಾಗುತ್ತಾ ಇರಬೇಕು. ಬೆರಳು ತೋರಿಸುವವಳೂ ನಾನೇ, ಗುಂಡು ಹಾರಿಸುವವನೂ ನಾನೇ. ಮೂರನೇ ಎಪಿಸೋಡಿನ ಕೊನೆಯಲ್ಲಿ ಒಂದು ಘಟ್ಟ ಬರುತ್ತದೆ. ಮುಂದೆ ಯಾವ ಅಂತ್ಯ ಸಿಗುತ್ತದೆ ಅನ್ನುವುದು ಅಲ್ಲಿ ಮೊಯಿರಾ ಏನು ಮಾಡುತ್ತಾಳೆ ಅನ್ನುವುದರ ಮೇಲೆ ನಿಂತಿದೆ. ಇದಕ್ಕಿಂತ ಜಾಸ್ತಿ ಹೇಳುವುದಿಲ್ಲ. ಒಬ್ಬರೇ ಆಡುವವರಿಗೆ ಆ ಗಡಿಬಿಡಿಯಲ್ಲಿ ಮೊಯಿರಾಗೆ ಬದಲಾಗಬೇಕು ಅಂತ ಹೊಳೆಯುವುದೇ ಕಷ್ಟ. ಇಬ್ಬರು ಆಡುವಾಗ ಮೊಯಿರಾ ಮೊದಲಿನಿಂದಲೂ ಒಬ್ಬರ ಕೈಯಲ್ಲೇ ಇರುತ್ತಾಳೆ. ಅಲ್ಲಿಯವರೆಗೆ ಅವಳನ್ನೇ ಆಡಿದವರಿಗೆ ಆ ಕ್ಷಣದ ಭಾರ ಬೇರೆಯೇ.

2015ರಲ್ಲಿ ಇದು ಬಂದಾಗ ಫೆಬ್ರವರಿ ಕೊನೆಯಿಂದ ವಾರಕ್ಕೊಂದರಂತೆ ನಾಲ್ಕು ಎಪಿಸೋಡ್ ಬಿಟ್ಟರು. ನಾವು ಕೊಂಡದ್ದು ಬಹಳ ತಡವಾಗಿ, ರಿಯಾಯಿತಿಯಲ್ಲಿ, ಎಲ್ಲ ಒಟ್ಟಿಗೆ. ಆದರೂ ವಾರಕ್ಕೆ ಒಂದೇ ಎಪಿಸೋಡ್ ಅಂತ ನಿಯಮ ಮಾಡಿಕೊಂಡೆವು. ಶನಿವಾರ ರಾತ್ರಿ ಊಟ ಆದ ಮೇಲೆ ಕೋಣೆಯ ದೀಪ ಆರಿಸುವುದು. ಟಿವಿಯ ಸೌಂಡ್ ಜಾಸ್ತಿ ಮಾಡುವುದು, ಯಾಕೆಂದರೆ ಈ ಗೇಮ್‌ನಲ್ಲಿ ಎಲ್ಲೋ ದೂರದಲ್ಲಿ ಬಾಗಿಲು ಕಿರ್ ಅಂದದ್ದನ್ನು ಕಿವಿಗೊಟ್ಟು ಕೇಳಬೇಕು. ಪರದೆಯ ಮೇಲಿನ ಅರ್ಧ ಅವನದು, ಕೆಳಗಿನ ಅರ್ಧ ನನ್ನದು. ಪ್ರತಿ ಎಪಿಸೋಡ್ ಧಾರಾವಾಹಿಯ ಹಾಗೆ "ಇದುವರೆಗೆ" ಅಂತ ಹಿಂದಿನ ಕಥೆ ತೋರಿಸಿ ಶುರುವಾಗುತ್ತದೆ. ಅದನ್ನು ಒಂದು ಸಲವೂ ಸ್ಕಿಪ್ ಮಾಡಿಲ್ಲ. ಮುಗಿಯುವಾಗ ಮುಂದಿನದರ ತುಣುಕು ಬರುತ್ತದೆ. ಅಲ್ಲಿಗೆ ಕಂಟ್ರೋಲರ್ ಕೆಳಗಿಡಬೇಕು. ಮುಂದಿನ ವಾರವೆಲ್ಲ ಏನಾಗಬಹುದು ಅಂತ ವಾದ. ಎಪಿಸೋಡ್ ಅನ್ನುವ ಪದ್ಧತಿ ಬಹಳ ಗೇಮ್‌ಗಳಿಗೆ ಕಥೆ ಎಳೆಯುವ ನೆಪ. ಇಲ್ಲಿ ಅದು ಚೆನ್ನಾಗಿ ಕೂತಿದೆ.

ಗ್ರಾಫಿಕ್ಸ್ ಬಗ್ಗೆ ಬರೆಯುವುದಿಲ್ಲ. ಆ ಕಾಲಕ್ಕೂ ಅದು ಸಾಧಾರಣವೇ.

ಈಗ ಬೇಸರದ ಮಾತು. ಇದರ ಕಥೆಯನ್ನು ಇಬ್ಬರು ಆಡಬೇಕಾದರೆ ಒಂದೇ ಕೋಣೆಯಲ್ಲಿ, ಒಂದೇ ಪರದೆಯ ಮುಂದೆ ಕೂರಬೇಕು. ಕಥೆಗೆ ಆನ್‌ಲೈನ್ ಕೋ-ಆಪ್, ಅಂದರೆ ಬೇರೆ ಬೇರೆ ಕಡೆ ಕೂತು ನೆಟ್ ಮೂಲಕ ಜೊತೆಗೆ ಆಡುವುದು, ಇಲ್ಲವೇ ಇಲ್ಲ. ಪಿಸಿ ಆವೃತ್ತಿಯಲ್ಲಂತೂ ಬಿಡುಗಡೆಯ ದಿನ ಪರದೆಯನ್ನು ಇಬ್ಬರಿಗೂ ಹಂಚುವ ಸ್ಪ್ಲಿಟ್ ಸ್ಕ್ರೀನ್ ಕೂಡ ಇರಲಿಲ್ಲ. ಆಟಗಾರರು ಗಲಾಟೆ ಮಾಡಿದ ಮೇಲೆ ಅದು ಬಂತು. ನಾವಿಬ್ಬರೂ ಒಂದೇ ಮನೆಯಲ್ಲಿದ್ದಷ್ಟು ದಿನ ಇದು ನನಗೆ ಒಂದು ಕೊರತೆ ಅಂತಲೇ ಅನಿಸಿರಲಿಲ್ಲ. ತಮ್ಮ ಕೆಲಸಕ್ಕೆ ಅಂತ ಬೇರೆ ಊರಿಗೆ ಹೋದ. ಅಂದಿನಿಂದ ಇದು ನನ್ನನ್ನು ಚುಚ್ಚುತ್ತಲೇ ಇದೆ.

ಆನ್‌ಲೈನ್‌ನಲ್ಲಿ ಜೊತೆಗೆ ಆಡಲು ರೇಡ್ ಮೋಡ್ ಇದೆ. ಚಿಕ್ಕ ಚಿಕ್ಕ ಹಂತಗಳು, ಶತ್ರುಗಳ ಗುಂಪು, ಮಟ್ಟ ಏರಿಸಿಕೊಳ್ಳುವ ಗನ್‌ಗಳು. ಕೆಲವರು ಇದಕ್ಕಾಗಿಯೇ ಗೇಮ್ ಕೊಳ್ಳುತ್ತಾರೆ. ಒಳ್ಳೆಯದೇ. ಆದರೆ ಅಲ್ಲಿ ಇಬ್ಬರಿಗೂ ಗನ್. ನನಗೆ ಬೇಕಾದದ್ದು ಅದಲ್ಲ, ಅಲ್ವಾ? ಸ್ವಲ್ಪ ದಿನ ಆಡಿ ಬಿಟ್ಟೆವು.

ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ನಮ್ಮ ಪರದೆಯನ್ನು ಇನ್ನೊಬ್ಬರಿಗೆ ಕಳಿಸಿ, ಒಂದೇ ಕೋಣೆಯಲ್ಲಿ ಆಡಬೇಕಾದ ಗೇಮ್‌ಗಳನ್ನು ದೂರದಿಂದ ಆಡುವ ಸೌಲಭ್ಯ ಇದೆ. ಅದನ್ನೂ ನೋಡಿದೆವು. ಬೇರೆ ಗೇಮ್‌ಗಳಿಗೆ ಅದು ಸಾಕು. ಇದಕ್ಕೆ ಸಾಲದು. ಇದು ಪೂರ್ತಿ ಕತ್ತಲೆಯ ಗೇಮ್. ನೆಟ್ ಮೂಲಕ ವಿಡಿಯೋ ಆಗಿ ಬರುವಾಗ ಆ ಕತ್ತಲೆಯೆಲ್ಲ ಬೂದು ಚೌಕಗಳಾಗಿ ಒಡೆಯುತ್ತದೆ. ಮೂಲೆಯಲ್ಲಿ ಮಿನುಗುವ ಸಾಮಾನು ಅದರಲ್ಲಿ ಕಾಣುವುದಿಲ್ಲ. "ಈಗ" ಅಂತ ನಾನು ಹೇಳಿ, ಅವನು ಒತ್ತಿ, ಅದು ನನ್ನ ಕಂಪ್ಯೂಟರಿಗೆ ತಲುಪುವಷ್ಟರಲ್ಲಿ ಗ್ಲಾಸ್ಪ್ ಬ್ಯಾರಿಯ ಮೈಮೇಲೆ ಇರುತ್ತದೆ. ಒಂದು ಎಪಿಸೋಡನ್ನು ಹಟ ಹಿಡಿದು ಮುಗಿಸಿ ನಿಲ್ಲಿಸಿದೆವು.

ಜೊತೆಗೆ ಕೂರುವವರು ಮನೆಯಲ್ಲೇ ಇದ್ದರೆ ಕೊಳ್ಳಿ. ನಿಮ್ಮಲ್ಲಿ ಯಾರು ಗೇಮ್ ಜಾಸ್ತಿ ಆಡಿದ್ದೀರೋ ಅವರು ಟಾರ್ಚ್ ತೆಗೆದುಕೊಳ್ಳಿ. ಹೊಸಬರಿಗೆ ಗನ್ ಕೊಡಿ. ಹೊಸಬರಿಗೆ ಟಾರ್ಚ್ ಸುಲಭ ಅಂತ ಎಲ್ಲರೂ ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಗುರಿ ಇಡುವುದು ಒಂದು ಸಂಜೆಯಲ್ಲಿ ಬರುತ್ತದೆ. ಎಲ್ಲಿ ಬೆಳಕು ಬಿಡಬೇಕು, ಯಾವಾಗ ಸುಮ್ಮನಿರಬೇಕು, ಸಿಕ್ಕ ಬಾಟಲಿಗಳಲ್ಲಿ ಯಾವುದನ್ನು ಹೊಗೆ ಬಾಂಬ್ ಮಾಡಲು ಉಳಿಸಿಕೊಳ್ಳಬೇಕು ಅನ್ನುವುದಕ್ಕೆ ಅನುಭವ ಬೇಕು. ಜೊತೆಗಾರರು ದೂರದಲ್ಲಿದ್ದರೆ, ಆನ್‌ಲೈನ್ ಆಡಬಹುದು ಅನ್ನುವ ಆಸೆಯಿಂದ ಕೊಳ್ಳಬೇಡಿ.

ಕಥೆ ಮುಗಿಸಿದವರಿಗೆ ಶತ್ರುಗಳೇ ಕಾಣಿಸದ ಒಂದು ಮೋಡ್ ತೆರೆಯುತ್ತದೆ. ಅದರಲ್ಲಿ ನಟಾಲಿಯಾ ಇಲ್ಲದೆ ಬ್ಯಾರಿ ಒಂದು ಹೆಜ್ಜೆಯೂ ಮುಂದಿಡಲಾರ. ಅದನ್ನು ನಾವಿನ್ನೂ ಮುಟ್ಟಿಲ್ಲ. ಮುಂದಿನ ರಜೆಗೆ ತಮ್ಮ ಮನೆಗೆ ಬಂದಾಗ ಅಂತ ಇಟ್ಟುಕೊಂಡಿದ್ದೇವೆ.