ಮೂರು ತಿಂಗಳ ಪ್ಯಾಕೇಜು, ಮೊದಲ ಮೂರು ರಾತ್ರಿ

ರಾತ್ರಿ ಹನ್ನೊಂದು ಗಂಟೆಗೆ ನಾಲ್ಕು ಜನ ಬಂದು ನನ್ನ ತಮ್ಮನನ್ನು ಮಲಗಿದ್ದಲ್ಲಿಂದ ಎತ್ತಿ ಕಾರಿಗೆ ಹಾಕಿಕೊಂಡು ಹೋದರು. ಬಾಗಿಲು ತೆಗೆದವಳು ನಾನು. ಅವನು ಮಲಗಿದ್ದ ಕೋಣೆ ತೋರಿಸಿದವಳೂ ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರೆಯುವುದೆಲ್ಲ ಅವನನ್ನು ಎತ್ತಿಕೊಂಡು ಹೋದ, ಕುಡಿತ ಬಿಡಿಸುವ ಸೆಂಟರಿನವರ ಮೇಲಿನ ದೂರಿನಂತೆ ಕಾಣಬಹುದು. ದೂರು ಇದೆ, ಅದರಲ್ಲಿ ನನ್ನ ಪಾಲೂ ಇದೆ.

ನಮ್ಮದು ತಿಪಟೂರು ಕಡೆ. ತೆಂಗಿನ ತೋಟ, ಕೊಬ್ಬರಿ. ತಮ್ಮನಿಗೆ ಆಗ 38 ವರ್ಷ, ಗೂಡ್ಸ್ ಆಟೋ ಇಟ್ಟುಕೊಂಡು ಮಂಡಿಗೆ ಕೊಬ್ಬರಿ ಚೀಲ ಸಾಗಿಸುತ್ತಿದ್ದ. ಸಂಜೆಯ ಒಂದು ನೈಂಟಿಯಿಂದ ಶುರುವಾದದ್ದು, ಅಪ್ಪ ತೀರಿಕೊಂಡ ಮೇಲೆ, ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲೇ ಬೇಕು ಅನ್ನುವಲ್ಲಿಗೆ ಬಂತು. ಕುಡಿಯದಿದ್ದರೆ ಕೈ ನಡುಗಿ ಕಾಫಿ ಲೋಟ ಹಿಡಿಯಲು ಆಗುತ್ತಿರಲಿಲ್ಲ. ಅರ್ಧ ಪ್ಯಾಕೆಟ್ ಒಳಗೆ ಹೋದರೆ ನಡುಕ ನಿಲ್ಲುತ್ತಿತ್ತು. ನಾವು ಅದನ್ನು ‘ಕುಡಿಯೋಕೆ ಹೂಡೋ ನಾಟಕ’ ಅಂದುಕೊಂಡೆವು. ಎಲ್ಲಕ್ಕಿಂತ ಮೊದಲು ಡಾಕ್ಟರಿಗೆ ಹೇಳಬೇಕಾಗಿದ್ದ ಸಂಗತಿ ಅದೇ ಆಗಿತ್ತು.

ಸೆಂಟರಿಗೆ ಮುಂಚೆ ಬೇರೆಯದೂ ಆಗಿತ್ತು. ಕುಡಿತ ಇನ್ನೂ ಸಂಜೆಗಷ್ಟೇ ಇದ್ದ ಕಾಲಕ್ಕೆ ಧರ್ಮಸ್ಥಳಕ್ಕೆ ಕರೆದುಕೊಂಡು ಹೋಗಿ ಆಣೆ ಮಾಡಿಸಿದೆವು. ಹನ್ನೊಂದು ದಿನ ನಡೆಯಿತು. ಆಮೇಲೆ ಅಮ್ಮ, ಬಸ್ ಸ್ಟ್ಯಾಂಡ್ ಗೋಡೆಯ ಮೇಲೆ ‘ಕುಡಿಯುವವರಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಕೊಡಿ’ ಎಂದು ಅಂಟಿಸಿರುತ್ತಾರಲ್ಲ, ಆ ನಂಬರಿಗೆ ಫೋನ್ ಮಾಡಿ ಪುಡಿ ತರಿಸಿ ಸಾರಿಗೆ ಹಾಕಿದಳು. ಅವತ್ತು ಸಂಜೆ ಅವನು ಕುಡಿದು ಬಂದ ಸ್ವಲ್ಪ ಹೊತ್ತಿಗೆ ಮುಖ ಕೆಂಡದಂತಾಯಿತು. ವಾಂತಿ. ‘ಎದೆ ಹೊಡ್ಕೊಳ್ತೈತೆ ಕಣಮ್ಮಾ’ ಅಂತ ಜಗಲಿ ಮೇಲೆ ಹೊರಳಾಡಿದ. ನಾವು ಪುಡಿ ಕೆಲಸ ಮಾಡುತ್ತಿದೆ ಎಂದು ಒಳಗೊಳಗೇ ಖುಷಿಪಟ್ಟೆವು! ಎಷ್ಟೋ ದಿನದ ಮೇಲೆ ಮನೋವೈದ್ಯರಿಗೆ ಇದನ್ನು ಹೇಳಿದಾಗ ಅವರು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಪೊಟ್ಟಣದಲ್ಲಿ ಏನಿತ್ತೋ ಯಾರು ಬಲ್ಲರು, ಲಕ್ಷಣವಂತೂ ಡೈಸಲ್ಫಿರಾಂ, ಅಂದರೆ ಕುಡಿದರೆ ಮೈಗೆ ಆಗದಂತೆ ಮಾಡಿ ಕುಡಿತ ಬಿಡಿಸುವ ಮಾತ್ರೆ, ಅದರ ಮೇಲೆ ಕುಡಿದಂತೆಯೇ ಇದೆ ಎಂದರು. ಆ ಮಾತ್ರೆಯನ್ನು ರೋಗಿಗೆ ತಿಳಿಸಿ, ಅವನ ಒಪ್ಪಿಗೆ ಪಡೆದು, ಕೊನೆಯ ಗುಟುಕಿನಿಂದ ಕಡೇಪಕ್ಷ 12 ಗಂಟೆ ಕಳೆದ ಮೇಲೆ ಕೊಡಬೇಕು. ಕದ್ದು ಕೊಟ್ಟರೆ ರಕ್ತದೊತ್ತಡ ಕುಸಿದು ಪ್ರಾಣವೇ ಹೋಗಬಹುದು.

ಇನ್ನು ಸೆಂಟರು. ಮೊಬೈಲಿನಲ್ಲಿ ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಬಂದ ನಂಬರು. ತೆಗೆದವನ ಮಾತು ಬೆಣ್ಣೆಯಂತಿತ್ತು. ‘ಮೇಡಂ, ನೀವೇನೂ ಟೆನ್ಶನ್ ತಗೋಬೇಡಿ. ನಮ್ ಹುಡುಗ್ರು ಬಂದು ಪಿಕಪ್ ಮಾಡ್ಕೋತಾರೆ. ಮೂರು ತಿಂಗಳ ಪ್ಯಾಕೇಜು, ಹಂಡ್ರೆಡ್ ಪರ್ಸೆಂಟ್ ಗ್ಯಾರಂಟಿ.’ ತಿಂಗಳಿಗೆ 15,000, ಮೂರೂ ತಿಂಗಳದು ಮುಂಗಡ, ಪಿಕಪ್ಪಿಗೆ ಬೇರೆ 6,000. ನನ್ನನ್ನು ಅವನು ಕೇಳಿದ್ದು ಮೂರೇ ಪ್ರಶ್ನೆ: ಮನೆ ಎಲ್ಲಿ, ಆಳು ಎಷ್ಟು ದಪ್ಪ, ಗೂಗಲ್ ಪೇನಾ ಕ್ಯಾಶಾ. ಮೇಲೊಂದು ಸಲಹೆ: ‘ಅವತ್ತು ಸಂಜೆ ಕುಡಿಯೋಕೆ ಬಿಡಿ ಮೇಡಂ, ನಿದ್ದೇಲಿದ್ರೆ ಎತ್ತೋದು ಸುಲಭ.’

ಕೊಬ್ಬರಿ ಮಾರಿದ ದುಡ್ಡಿತ್ತು. ಕಳಿಸಿದೆ.

ಅವತ್ತು ರಾತ್ರಿ ಅವರು ಕೋಣೆಗೆ ನುಗ್ಗಿದಾಗ ತಮ್ಮನಿಗೆ ಎಚ್ಚರವಾಯಿತು. ಕಳ್ಳರು ಅಂದುಕೊಂಡ. ‘ಅಕ್ಕಾ, ಯಾರೋ ನುಗ್ಗವ್ರೆ, ನೀನು ಅಮ್ಮ ಒಳಗ್ಹೋಗಿ ಬಾಗ್ಲು ಹಾಕ್ಕಳಿ’ ಎಂದು ಕೂಗಿದ. ಕಾರಿಗೆ ಹಾಕುವವರೆಗೂ ಅದನ್ನೇ ಕೂಗಿದ. ಬಾಗಿಲಲ್ಲಿ ನಿಂತಿದ್ದ ನನ್ನ ಮುಖ ನೋಡಿದ ಮೇಲೆ ಸುಮ್ಮನಾದ.

ಮುಂದಿನದು ಅವನು ತಿಂಗಳುಗಟ್ಟಲೆ ಆದ ಮೇಲೆ, ತುಂಡು ತುಂಡಾಗಿ ಹೇಳಿದ್ದು. ಬೆಂಗಳೂರಿನ ಅಂಚಿನಲ್ಲಿ ಎರಡಂತಸ್ತಿನ ಬಾಡಿಗೆ ಮನೆ, ಮುಂದೆ ಟ್ರಸ್ಟ್ ಎಂದು ಬೋರ್ಡು, ಎರಡು ಕೋಣೆಯಲ್ಲಿ ಇಪ್ಪತ್ತೆಂಟು ಜನ. ಮೊದಲ ರಾತ್ರಿ ಕುಡಿದದ್ದರ ಮಂಪರಿನಲ್ಲೇ ಕಳೆಯಿತು. ಬೆಳಿಗ್ಗೆ ನಡುಕ, ಬೆವರು, ನೀರು ಕುಡಿದರೂ ವಾಂತಿ. ವಾರ್ಡನ್ ಅನ್ನಿಸಿಕೊಂಡವನು ಅದೇ ಸೆಂಟರಿನಲ್ಲಿ ಬಿಟ್ಟು ಆರು ತಿಂಗಳಾಗಿದ್ದ ಹಳೆಯ ಕುಡುಕ. ‘ಎಲ್ರಿಗೂ ಹಿಂಗೇ ಆಗೋದು, ಮಜ್ಜಿಗೆ ಕುಡ್ದು ಮಲಗು’ ಅಂದ. ಎರಡನೇ ರಾತ್ರಿ ಬಚ್ಚಲಲ್ಲಿ ಫಿಟ್ಸ್ ಬಂದು ಬಿದ್ದು ಗದ್ದ ಸೀಳಿತು, ಮುಂದಿನ ಹಲ್ಲು ಮುರಿಯಿತು. ಮೂರನೇ ರಾತ್ರಿ ಗೋಡೆ ತುಂಬ ಇರುವೆ, ನೆಲದ ಮೇಲೆ ಹಾವು. ಸತ್ತ ಅಪ್ಪ ಮೂಲೆಯಲ್ಲಿ ಕೂತು ಕೊಬ್ಬರಿ ಎಣಿಸುತ್ತಿದ್ದರಂತೆ. ಲೆಕ್ಕ ತಪ್ಪಿತು ಎಂದು ಇವನು ಅಪ್ಪನ ಜೊತೆ ರಾತ್ರಿಯಿಡೀ ಜಗಳ ಆಡಿದನಂತೆ. ಗಲಾಟೆ ತಡೆಯಲಾರದೆ ಪಂಚೆಯಿಂದ ಮಂಚಕ್ಕೆ ಕಟ್ಟಿದರು. ಡಾಕ್ಟರು ಬರಲಿಲ್ಲ. ಬರುವ ಡಾಕ್ಟರೇ ಅಲ್ಲಿಗೆ ಇರಲಿಲ್ಲ.

ಅದೇ ಮೂರನೇ ದಿನ ನಾನು ಫೋನ್ ಮಾಡಿದ್ದೆ. ‘ಆರಾಮಾಗವ್ರೆ ಮೇಡಂ, ಈಗ ಊಟ ಮಾಡಿ ಮಲಗವ್ರೆ.’

ಮೂವತ್ತು ದಿನ ಅವನ ಜೊತೆ ಮಾತಾಡುವಂತಿರಲಿಲ್ಲ. ‘ಎಮೋಷನಲ್ ಬ್ಲ್ಯಾಕ್‌ಮೇಲ್ ಮಾಡ್ತಾರೆ, ನೀವು ಕರಗ್ತೀರ’ ಅಂದಿದ್ದರು. ನಂಬಿದೆವು. 34ನೇ ದಿನ ನೋಡಲು ಹೋದಾಗ ತಲೆ ಬೋಳು, ಹಲ್ಲು ಇಲ್ಲ, ಅಂಗಿ ಬೇರೆ ಯಾರದೋ. ಪಕ್ಕದಲ್ಲಿ ಒಬ್ಬ ನಿಂತೇ ಇದ್ದ. ಏನು ಕೇಳಿದರೂ ‘ಚೆನ್ನಾಗಿದೀನಿ’. ಹೊರಡುವಾಗ, ಹುಟ್ಟಿದಾಗಿನಿಂದ ಒಮ್ಮೆಯೂ ನನ್ನ ಕಾಲಿಗೆ ಬೀಳದವನು ಬಗ್ಗಿ ಕಾಲು ಮುಟ್ಟಿ, ಏಳುವಾಗ ಕಿವಿಯ ಹತ್ತಿರ ‘ಕರ್ಕಂಡೋಗು’ ಅಂದ.

ಕರೆದುಕೊಂಡೇ ಬಂದೆ. ಎರಡು ಗಂಟೆ ಜಗಳವಾಯಿತು, ಪೊಲೀಸರನ್ನು ಕರೆಯುತ್ತೇನೆ ಎಂದ ಮೇಲೆ ಬಿಟ್ಟರು. ದುಡ್ಡು ವಾಪಸ್ ಕೇಳಿದಾಗ ರಸೀದಿ ನೋಡಿ ಅಂದರು. ನೋಡಿದರೆ ಅದರಲ್ಲಿ ‘ದೇಣಿಗೆ’ ಎಂದಿತ್ತು.

ಮನೆಗೆ ಬಂದ ಒಂಬತ್ತನೇ ದಿನ ಮತ್ತೆ ಕುಡಿದ. ನನಗೆ ಆಶ್ಚರ್ಯ ಆಗಲಿಲ್ಲ.

ಆಮೇಲೆ ತಾಲೂಕು ಆಸ್ಪತ್ರೆಯ ನರ್ಸ್ ಒಬ್ಬರು ಹೇಳಿದರು, ಮಂಗಳವಾರ ಬನ್ನಿ, ಮನೋವೈದ್ಯರು ಬರುತ್ತಾರೆ ಎಂದು. ಸರ್ಕಾರದ ‘ಮನೋಚೈತನ್ಯ’ ಕಾರ್ಯಕ್ರಮ ಅಂತ ಅದರ ಹೆಸರು. ನಮ್ಮ ಮನೆಯಿಂದ ಹತ್ತು ಕಿಲೋಮೀಟರ್ ದೂರ. ಅದು ಗೊತ್ತಿಲ್ಲದೆ 51,000 ಕಳೆದಿದ್ದೆ.

ಆ ಡಾಕ್ಟರು ಕೇಳಿದ ಪ್ರಶ್ನೆಗಳನ್ನೇ ಬರೆಯುತ್ತೇನೆ, ಪಕ್ಕದಲ್ಲಿ ಸೆಂಟರಿನವನ ಮೂರು ಪ್ರಶ್ನೆ ಇಟ್ಟು ನೋಡಿ. ದಿನಕ್ಕೆ ಎಷ್ಟು ಕ್ವಾರ್ಟರ್? ಕೊನೆಯದಾಗಿ ಕುಡಿದದ್ದು ಎಷ್ಟು ಗಂಟೆಗೆ? ಬೆಳಿಗ್ಗೆ ಕೈ ನಡುಗುತ್ತದಾ? ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತಾ, ಇಲ್ಲದ್ದು ಕಂಡಿತ್ತಾ? ಬೀಳುವಾಗ ತಲೆಗೆ ಪೆಟ್ಟಾಗಿದೆಯಾ? ಶುಗರ್, ಬಿಪಿ? ನಿದ್ದೆ ಮಾತ್ರೆ, ಗಾಂಜಾ? ಸಾಯಬೇಕು ಅನ್ನಿಸಿದ್ದಿದೆಯಾ? ಕೊನೆಯ ಪ್ರಶ್ನೆಯನ್ನು ನನ್ನನ್ನು ಹೊರಗೆ ಕಳಿಸಿ ಕೇಳಿದ್ದರು.

ತಮ್ಮನಿಗೆ ಅವರು ಆಟೋದ ಭಾಷೆಯಲ್ಲೇ ಹೇಳಿದರು. ‘ಎಣ್ಣೆ ಅನ್ನೋದು ಮೆದುಳಿಗೆ ಬ್ರೇಕ್ ಇದ್ದ ಹಾಗೆ. ನೀನು ಬ್ರೇಕ್ ಒತ್ಕೊಂಡೇ ಇದ್ದೆ, ಗಾಡಿ ಓಡಬೇಕಲ್ಲ, ಅದಕ್ಕೆ ಮೆದುಳು ಆಕ್ಸಿಲರೇಟರ್ ತುಳೀತಾ ಹೋಯ್ತು. ಒಂದೇ ಸಲ ಬ್ರೇಕ್ ಬಿಟ್ರೆ ಏನಾಗುತ್ತೆ ಹೇಳು?’ ಕೊನೆಯ ಗುಟುಕಿನಿಂದ ಆರೆಂಟು ಗಂಟೆಗೆ ನಡುಕ ಶುರು. ಫಿಟ್ಸ್ ಬರುವುದಿದ್ದರೆ ಸಾಮಾನ್ಯವಾಗಿ ಮೊದಲ 48 ಗಂಟೆಯೊಳಗೆ. ಎರಡರಿಂದ ನಾಲ್ಕನೇ ದಿನದ ನಡುವೆ ಸನ್ನಿ. ಸನ್ನಿಗೆ ಚಿಕಿತ್ಸೆ ಇಲ್ಲದಿದ್ದರೆ ಸಾಯುವವರಿದ್ದಾರೆ. ಅಂದರೆ ಮೂರು ತಿಂಗಳಲ್ಲಿ ಏನೇನು ಕಲಿಸುತ್ತಾರೆ ಎಂದು ನಾನು ವಿಚಾರಿಸಿದ್ದೆ, ಮೊದಲ ಮೂರು ರಾತ್ರಿ ಯಾರಿರುತ್ತಾರೆ ಎಂದು ಕೇಳಿರಲಿಲ್ಲ.

ಈ ಸಲ ಜಿಲ್ಲಾ ಆಸ್ಪತ್ರೆಯಲ್ಲಿ ಸೇರಿಸಿದೆವು. ನಡುಕ, ಫಿಟ್ಸ್ ತಡೆಯುವ ಕ್ಲೋರ್‌ಡಯಾಜೆಪಾಕ್ಸೈಡ್ ಮಾತ್ರೆ ಮೊದಲು ಹೆಚ್ಚಿಗೆ, ದಿನದಿನಕ್ಕೆ ಇಳಿಸುತ್ತ ಒಂದು ವಾರ. ಯಕೃತ್ತು ತೀರಾ ಕೆಟ್ಟಿದ್ದರೆ ಅದರ ಬದಲು ಲೊರಾಜೆಪಾಂ ಕೊಡುತ್ತಾರಂತೆ. ಎಲ್ಲಕ್ಕಿಂತ ಮೊದಲು ಥಯಾಮಿನ್, ಅಂದರೆ ಬಿ1 ವಿಟಮಿನ್ ಇಂಜೆಕ್ಷನ್. ಇದನ್ನು ನಮ್ಮ ಹಳ್ಳಿ ಕಡೆಯವರು ದಯವಿಟ್ಟು ಗಮನಿಸಿ. ಕುಡಿದು ಸುಸ್ತಾದವನಿಗೆ ‘ಒಂದು ಬಾಟ್ಲಿ ಗ್ಲೂಕೋಸ್ ಹಾಕ್ಸಿ’ ಅನ್ನುವುದು ನಮ್ಮಲ್ಲಿ ರೂಢಿ. ಊಟ ಬಿಟ್ಟು ಕುಡಿಯುವವನ ಮೈಯಲ್ಲಿ ಬಿ1 ಮೊದಲೇ ಖಾಲಿ. ಅದನ್ನು ಕೊಡದೆ ಗ್ಲೂಕೋಸ್ ಏರಿಸಿದರೆ ಉಳಿದಷ್ಟೂ ಮುಗಿದು ಮೆದುಳಿಗೆ ಪೆಟ್ಟಾಗಬಹುದು. ನಡಿಗೆ, ನೆನಪು ಎರಡೂ ಕೆಡಬಹುದು. ತಮ್ಮನಿಗೆ ಎಷ್ಟು ಸಲ ಹಾಗೆ ಹಾಕಿಸಿದ್ದೆವೋ ಲೆಕ್ಕವಿಲ್ಲ.

ಅಲ್ಲಿ ಅವನಿಗೆ ಫಿಟ್ಸ್ ಬರಲಿಲ್ಲ. ಹಾವೂ ಬರಲಿಲ್ಲ.

ಕಾನೂನಿನ ವಿಷಯ ಪರಿಚಯದ ವಕೀಲರಿಂದ ತಿಳಿದದ್ದು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರಲ್ಲಿ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ಮಾನಸಿಕ ಸ್ಥಿತಿಯೂ ಸೇರುತ್ತದೆ. ಹಾಗಾಗಿ ಇಂಥವರನ್ನು ಒಳಗಿಟ್ಟುಕೊಂಡು ಚಿಕಿತ್ಸೆ ಕೊಡುವ ಜಾಗ ಕಾಯ್ದೆಯ ಪ್ರಾಧಿಕಾರದಲ್ಲಿ ನೋಂದಣಿ ಆಗಿರಲೇಬೇಕು. ಟ್ರಸ್ಟ್ ನೋಂದಣಿ ತೋರಿಸುತ್ತಾರೆ, ಅದು ಬೇರೆ, ಇದು ಬೇರೆ. ಒಪ್ಪದವರನ್ನು ಸೇರಿಸಲು ದಾರಿಯೇ ಇಲ್ಲ ಎಂದಲ್ಲ. ತನಗೋ ಇತರರಿಗೋ ಅಪಾಯ ಅನ್ನುವಂಥ ಸ್ಥಿತಿಯಲ್ಲಿ 89ನೇ ಸೆಕ್ಷನ್ ಇದೆ. ಆದರೆ ಅದಕ್ಕೆ ಒಬ್ಬ ಮನೋವೈದ್ಯರು ಮತ್ತು ಇನ್ನೊಬ್ಬ ವೈದ್ಯರೋ ಮಾನಸಿಕ ಆರೋಗ್ಯ ತಜ್ಞರೋ ಹಿಂದಿನ ಏಳು ದಿನದೊಳಗೆ ಬೇರೆ ಬೇರೆಯಾಗಿ ಪರೀಕ್ಷಿಸಿರಬೇಕು, ಮೊದಲಿಗೆ ಗರಿಷ್ಠ 30 ದಿನ. ‘ನಮ್ ಹುಡುಗ್ರು’ ಆ ಪಟ್ಟಿಯಲ್ಲಿಲ್ಲ. ಬಲವಂತವಾಗಿ ತಲೆ ಬೋಳಿಸುವಂತಿಲ್ಲ, ಅವನ ಸ್ವಂತ ಬಟ್ಟೆ ಕಿತ್ತುಕೊಳ್ಳುವಂತಿಲ್ಲ. ಫೋನಿನಲ್ಲಿ ಮಾತಾಡುವುದು, ಬಂದವರನ್ನು ನೋಡುವುದು ಅವನ ಹಕ್ಕು. 34 ದಿನದಲ್ಲಿ ಇದಿಷ್ಟನ್ನೂ ಮುರಿದಿದ್ದರು.

ದೂರು ಕೊಡಲಿಲ್ಲವಾ ಎಂದು ಕೇಳುತ್ತೀರಿ. ತಮ್ಮ ಇನ್ನೂ ಒಪ್ಪಿಲ್ಲ. ಅವನನ್ನು ಕೇಳದೆ ಒಮ್ಮೆ ತೀರ್ಮಾನ ಮಾಡಿದ್ದೇ ಸಾಕಾಗಿದೆ.

ನಿಮ್ಮ ಮನೆಯಲ್ಲಿ ಈ ಸ್ಥಿತಿ ಇದ್ದರೆ, ಮನೆಯಲ್ಲೇ ಏಕಾಏಕಿ ಬಿಡಿಸಬೇಡಿ, ಬಾಟ್ಲಿ ಬಚ್ಚಿಟ್ಟು ಕೋಣೆಗೆ ಬೀಗ ಹಾಕಬೇಡಿ. ಬೆಳಿಗ್ಗೆ ನಡುಗುವವರಿಗಂತೂ ಬೇಡವೇ ಬೇಡ. 14416ಕ್ಕೆ ಫೋನ್ ಮಾಡಿ, ಅದು ಟೆಲಿಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ. ವ್ಯಸನಕ್ಕೆಂದೇ 14446 ಇದೆ. ಬೆಂಗಳೂರು ಹತ್ತಿರವಿದ್ದರೆ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ಪ್ರತ್ಯೇಕ ವಿಭಾಗವಿದೆ, ಉತ್ತರದವರಿಗೆ ಧಾರವಾಡದ ಡಿಮ್ಹಾನ್ಸ್. ಹೋಗುವ ಮುಂಚೆ ಒಂದು ವಾರ ದಿನಕ್ಕೆ ಎಷ್ಟು, ಯಾವ ಹೊತ್ತಿಗೆ ಎಂದು ಚೀಟಿಯಲ್ಲಿ ಬರೆದಿಡಿ. ಅವರನ್ನೇ ಕೇಳಿ ಬರೆದರೆ ಇನ್ನೂ ಒಳ್ಳೆಯದು, ತಮ್ಮ ತಾನೇ ಬರೆದ ಎರಡನೇ ಚೀಟಿಯಲ್ಲಿ ನನ್ನ ಲೆಕ್ಕಕ್ಕಿಂತ ದಿನಕ್ಕೊಂದು ಕ್ವಾರ್ಟರ್ ಜಾಸ್ತಿ ಇತ್ತು. ಹಳೆಯ ಮಾತ್ರೆ ಚೀಟಿ, ಆಧಾರ್, ರೇಷನ್ ಕಾರ್ಡ್ ಜೊತೆಗಿರಲಿ. ಆಸ್ಪತ್ರೆಯಲ್ಲಿ ಜೊತೆಗೆ ಯಾರು ಇರುತ್ತಾರೆ ಎಂದು ಮೊದಲೇ ಗೊತ್ತು ಮಾಡಿ. ಸಾಲ ಕೊಟ್ಟವರಿಗೆ ಹೇಳಿ ಒಂದು ತಿಂಗಳು ಮನೆ ಬಾಗಿಲಿಗೆ ಬರದ ಹಾಗೆ ನೋಡಿಕೊಳ್ಳಿ. ನಮ್ಮಲ್ಲಿ ಡಿಸ್ಚಾರ್ಜ್ ಆದ ದಿನವೇ ಆಟೋ ಫೈನಾನ್ಸಿನವರು ಬಂದಿದ್ದರು.

ಮದ್ಯವರ್ಜನ ಶಿಬಿರಗಳ ಬಗ್ಗೆ ಕೇಳುವವರಿದ್ದಾರೆ. ಧರ್ಮಸ್ಥಳ ಯೋಜನೆಯವರು ಊರೂರಲ್ಲಿ ನಡೆಸುವ ಎಂಟು ದಿನದ ಶಿಬಿರಕ್ಕೆ ಹೋಗಿ ಬಿಟ್ಟ ಇಬ್ಬರು ನಮ್ಮ ಊರಲ್ಲೇ ಇದ್ದಾರೆ. ನಾನು ಹೇಳುವುದಿಷ್ಟೇ: ಎಲ್ಲಿಗಾದರೂ ಕಳಿಸಿ, ನಡುಕ ಇರುವವರನ್ನು ಮೊದಲು ಡಾಕ್ಟರಿಗೆ ತೋರಿಸಿಯೇ ಕಳಿಸಿ.

ತಮ್ಮ ಈಗ ಕುಡಿಯುವ ಆಸೆ ತಗ್ಗಿಸುವ ನಾಲ್ಟ್ರೆಕ್ಸೋನ್ ತೆಗೆದುಕೊಳ್ಳುತ್ತಾನೆ, ತಿಂಗಳಿಗೊಮ್ಮೆ ಆಸ್ಪತ್ರೆ, ಭಾನುವಾರ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್), ಅಂದರೆ ಕುಡಿತ ಬಿಡುವವರೇ ಸೇರಿ ನಡೆಸುವ ಮೀಟಿಂಗ್. ನಡುವೆ ಎರಡು ಸಲ ಜಾರಿದ. ಎರಡು ಸಲವೂ ತಾನಾಗಿ ಬಂದು ಹೇಳಿದ, ಆದರೆ ಅಮ್ಮನ ಹತ್ತಿರ, ನನ್ನ ಹತ್ತಿರ ಅಲ್ಲ. ನನ್ನ ಜೊತೆ ಮಾತಾಡುತ್ತಾನೆ, ತೋಟದ ವಿಷಯ, ಆಟೋ ರಿಪೇರಿ ವಿಷಯ. ರಾತ್ರಿ ಮಲಗುವ ಮುಂಚೆ ಚಿಲಕ ತಾನೇ ಹಾಕುತ್ತಾನೆ.

ಆ ಸೆಂಟರಿನಿಂದ ಈಗಲೂ ಫೋನ್ ಬರುತ್ತದೆ. ‘ನಿಮ್ ತಮ್ಮ ಮತ್ತೆ ಶುರು ಮಾಡವ್ರಾ ಮೇಡಂ? ಈ ಸಲ ಪಿಕಪ್ ಫ್ರೀ ಮಾಡ್ಕೊಡ್ತೀವಿ.’ ನಂಬರು ಬ್ಲಾಕ್ ಮಾಡಿಲ್ಲ. ಪ್ರತಿ ಸಲ ತೆಗೆದು, ನಿಮ್ಮಲ್ಲಿ ರಾತ್ರಿ ಡಾಕ್ಟರು ಯಾರಿರುತ್ತಾರೆ ಎಂದು ಕೇಳುತ್ತೇನೆ. ಫೋನ್ ಇಟ್ಟುಬಿಡುತ್ತಾರೆ.