ಹಳೇ ಕಾರಿಗೆ ಇನ್ನೊಂದು ಕೀ: ರಸ್ತೆಬದಿಯೋ, ಜೆ.ಸಿ. ರಸ್ತೆಯೋ, ಶೋರೂಮೋ?

ಹತ್ತು ಹದಿನೈದು ವರ್ಷ ಓಡಿದ ಕಾರಿಗೆ ಬೆಂಗಳೂರಿನಲ್ಲಿ ಇನ್ನೊಂದು ಕೀ ಮಾಡಿಸಲು ನಾಲ್ಕು ದಾರಿಗಳಿವೆ. ರಸ್ತೆಬದಿಯ ಕೀ ಮಾಡುವವರು, ಜೆ.ಸಿ. ರಸ್ತೆ ಕಡೆಯ ಕೀ ಪ್ರೋಗ್ರಾಮಿಂಗ್ ಅಂಗಡಿಗಳು, ಕಂಪನಿಯ ಸರ್ವಿಸ್ ಸೆಂಟರ್, ಕೊನೆಗೆ ಬೀಗದ ಸೆಟ್ಟನ್ನೇ ಬದಲಿಸುವುದು. ನಾಲ್ಕನ್ನೂ ಬೇರೆ ಬೇರೆ ಗಾಡಿಗಳಲ್ಲಿ ಮಾಡಿಸಿ ನೋಡಿದ್ದೇವೆ. ಎಲ್ಲಿ ಅಗ್ಗ ಎಂದು ಕೇಳುವ ಮೊದಲು ಎರಡು ಪ್ರಶ್ನೆಗೆ ಉತ್ತರ ಬೇಕು. ಕೀಯೊಳಗೆ ಚಿಪ್ ಇದೆಯೇ? ಕೆಲಸ ಮಾಡುವ ಕೀ ಒಂದಾದರೂ ಕೈಯಲ್ಲಿದೆಯೇ? ಖರ್ಚು, ಸಮಯ, ತಲೆನೋವು ಎಲ್ಲವೂ ಈ ಎರಡರ ಮೇಲೇ ನಿಂತಿವೆ. ಒಂದು ಕೀ ಇದ್ದಾಗ ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸ, ಅದೂ ಕಳೆದ ಮೇಲೆ ಗಾಡಿಯನ್ನು ಟೋ ಮಾಡಿಸುವ ಕೆಲಸವಾಗಿಬಿಡುತ್ತದೆ.

ಕಾರ್ಬ್ಯುರೇಟರ್ ಕಾಲದ ಮಾರುತಿ 800, ಓಮ್ನಿ, ಪದ್ಮಿನಿ, ಹಳೇ ಅಂಬಾಸಿಡರ್‌ಗಳಲ್ಲಿ ಕೀ ಎಂದರೆ ಬರೀ ಲೋಹ. 2005ರಲ್ಲಿ ಬಂದ ಸ್ವಿಫ್ಟ್‌ನಂಥ ಗಾಡಿಗಳಲ್ಲಿ ಮಾರುತಿ ಐಕ್ಯಾಟ್ಸ್ ಎಂಬ ಹೆಸರಿನಲ್ಲಿ ಇಮೊಬಿಲೈಸರ್, ಅಂದರೆ ಕೀಯೊಳಗಿನ ಚಿಪ್ ಸರಿಹೊಂದದಿದ್ದರೆ ಎಂಜಿನ್ ಓಡದಂತೆ ತಡೆಯುವ ವ್ಯವಸ್ಥೆ ಕೊಟ್ಟಿತು. ಇಗ್ನಿಷನ್ ಬೀಗದ ಸುತ್ತ ಒಂದು ತಂತಿಯ ಬಳೆ ಇರುತ್ತದೆ. ಅದು 125 ಕಿಲೋಹರ್ಟ್ಸ್ ಆಸುಪಾಸಿನ ತರಂಗ ಕಳಿಸಿ ಕೀಯೊಳಗಿನ ಚಿಪ್ಪನ್ನು ಓದುತ್ತದೆ. ಚಿಪ್ಪಿಗೆ ಬ್ಯಾಟರಿ ಬೇಡ, ಹಾಗಾಗಿ ರಿಮೋಟ್ ಸೆಲ್ ಸತ್ತರೂ ಗಾಡಿ ಸ್ಟಾರ್ಟ್ ಆಗುತ್ತದೆ. ಚಿಪ್ ಇದೆಯೋ ಇಲ್ಲವೋ ಎಂಬ ಅನುಮಾನವಿದ್ದರೆ ಕೀಯ ಪ್ಲಾಸ್ಟಿಕ್ ತಲೆಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಎರಡು ಮೂರು ಸುತ್ತು ಬಿಗಿಯಾಗಿ ಸುತ್ತಿ ಸ್ಟಾರ್ಟ್ ಮಾಡಿ. ಮೀಟರಿನಲ್ಲಿ ಕೀ ಚಿತ್ರದ ದೀಪ ಮಿನುಗಿ, ಎಂಜಿನ್ ಹತ್ತದೇ ಹೋದರೆ ಅಥವಾ ಹತ್ತಿ ಎರಡು ಸೆಕೆಂಡಿನಲ್ಲಿ ನಿಂತರೆ ಚಿಪ್ ಇದೆ ಎಂದೇ ಅರ್ಥ.

ಚಿಪ್ ಇಲ್ಲದ ಗಾಡಿಗೆ ರಸ್ತೆಬದಿಯವರೇ ಸಾಕು. ನೂರು, ಇನ್ನೂರು ರೂಪಾಯಿ, ಹತ್ತು ನಿಮಿಷ. ಆದರೆ ಇಲ್ಲಿ ಹಲವರು ಗಮನಿಸದ ತೊಂದರೆಯೊಂದಿದೆ. ಡೂಪ್ಲಿಕೇಟ್ ಯಂತ್ರ ಹಳೇ ಕೀಯ ಹಲ್ಲನ್ನು ತಡವಿ, ಅದೇ ಆಕಾರವನ್ನು ಹೊಸ ಬ್ಲ್ಯಾಂಕಿಗೆ, ಅಂದರೆ ಹಲ್ಲು ಕೊರೆಯದ ಕೀಗೆ, ಕೊರೆಯುತ್ತದೆ. ಹದಿನೈದು ವರ್ಷ ಸವೆದ ಕೀ ಕೊಟ್ಟರೆ ಸವಕಲೂ ಸೇರಿ ನಕಲಾಗುತ್ತದೆ. ಇಂಥ ಬೀಗಗಳಲ್ಲಿ ಒಂದು ಹಲ್ಲಿನ ಆಳಕ್ಕೂ ಮುಂದಿನ ಆಳಕ್ಕೂ ಅಂತರ ಅರ್ಧ ಮಿಲಿಮೀಟರ್ ಆಸುಪಾಸು. ಸವಕಲು ಒಂದಿಷ್ಟು, ಯಂತ್ರದ ತಪ್ಪು ಒಂದಿಷ್ಟು ಕೂಡಿದರೆ ಹೊಸ ಕೀ ಬಾಗಿಲು ತೆರೆಯುತ್ತದೆ, ಇಗ್ನಿಷನ್‌ನಲ್ಲಿ ಮಾತ್ರ ಸಿಕ್ಕಿಕೊಳ್ಳುತ್ತದೆ. ಹಲವು ಗಾಡಿಗಳಲ್ಲಿ ಬಾಗಿಲ ಬೀಗಕ್ಕಿಂತ ಇಗ್ನಿಷನ್‌ನೊಳಗೆ, ಕೀಯ ಹಲ್ಲಿಗೆ ಹೊಂದಿ ಕೂರುವ ಪುಟ್ಟ ತಗಡುಗಳು ಹೆಚ್ಚಿರುವುದೇ ಇದಕ್ಕೆ ಕಾರಣ. ಆದ್ದರಿಂದ ದಿನಾ ಬಳಸುವ ಕೀ ಬಿಟ್ಟು, ಮನೆಯಲ್ಲಿ ಬಿದ್ದಿರುವ ಸ್ಪೇರ್ ಕೀಯನ್ನೇ ನಕಲಿಗೆ ಕೊಡಿ. ಗಾಡಿ ಹೊಸದಾಗಿದ್ದಾಗ ಕೀಗೊಂಚಲಿನ ಜೊತೆ ನಂಬರ್ ಕೊರೆದ ಪುಟ್ಟ ತಗಡು ಬಂದಿತ್ತೇ, ಹುಡುಕಿ. ಆ ನಂಬರಿನಿಂದ ಕೊರೆದ ಕೀ ಕಾರ್ಖಾನೆಯ ಮೂಲ ಅಳತೆಗೇ ಬರುತ್ತದೆ. ಕೋಡ್ ನೋಡಿ ಕೊರೆಯುವ ಯಂತ್ರ ರಸ್ತೆಬದಿಯಲ್ಲಿ ಸಿಗುವುದು ಅಪರೂಪ, ಜೆ.ಸಿ. ರಸ್ತೆ ಕಡೆ ಕೇಳಬೇಕು.

ಕೀ ಬಿಗಿಯಾಯಿತೆಂದು ಗಾಡಿಯ ಬಳಿಯೇ ಅರ ಹಾಕಿ ಉಜ್ಜಿ, ಒರೆಸದೆ ಬೀಗಕ್ಕೆ ತೂರಿಸಲು ಬಿಡಬೇಡಿ. ಹಿತ್ತಾಳೆ ಪುಡಿ ಒಳಗೆ ಸೇರಿ ತಗಡುಗಳು ಹಿಡಿದುಕೊಳ್ಳುತ್ತವೆ. ಕೊಬ್ಬರಿ ಎಣ್ಣೆ, ಎಂಜಿನ್ ಆಯಿಲ್ ಬಿಡುವುದೂ ತಪ್ಪು, ನಮ್ಮ ಊರಿನ ಧೂಳಿಗೆ ಅದು ಆರು ತಿಂಗಳಲ್ಲಿ ಅಂಟಾಗುತ್ತದೆ. ಗ್ರಾಫೈಟ್ ಪುಡಿ ಒಂದು ಚಿಟಿಕೆ ಸಾಕು.

ಚಿಪ್ ಇರುವ ಗಾಡಿಗೆ ನಮ್ಮ ಮೊದಲ ಆಯ್ಕೆ ಪ್ರೋಗ್ರಾಮಿಂಗ್ ಅಂಗಡಿ. ಮಾದರಿ ನೋಡಿ ಒಂದೂವರೆ ಸಾವಿರದಿಂದ ನಾಲ್ಕು ಸಾವಿರದವರೆಗೆ ಕೇಳುತ್ತಾರೆ, ಮನೆಬಾಗಿಲಿಗೆ ಬಂದು ಮಾಡುವವರೂ ಇದ್ದಾರೆ. ಇಲ್ಲಿ ಕೆಲಸ ಎರಡು ಬಗೆ. ಯಾವ ಬಗೆ ಮಾಡುತ್ತೀರಿ ಎಂದು ಮೊದಲೇ ಬಾಯಿಬಿಟ್ಟು ಕೇಳಿ.

ಒಂದು ಕ್ಲೋನಿಂಗ್. ಹಳೇ ಚಿಪ್ಪಿನ ಗುರುತನ್ನೇ ಹೊಸ ಚಿಪ್ಪಿಗೆ ಇಳಿಸುತ್ತಾರೆ. ಗಾಡಿಯ ದೃಷ್ಟಿಯಲ್ಲಿ ಎರಡೂ ಒಂದೇ ಕೀ. ಬೇಗ ಆಗುತ್ತದೆ, ಗಾಡಿಯ ಕಂಪ್ಯೂಟರನ್ನು ಮುಟ್ಟುವುದಿಲ್ಲ. ಆದರೆ ಮುಂದೆ ಮೂಲ ಕೀ ಕಳೆದು, ಅದರಿಂದ ಯಾರೂ ಸ್ಟಾರ್ಟ್ ಮಾಡಬಾರದೆಂದು ಗಾಡಿಯ ಕಂಪ್ಯೂಟರಿನ ನೆನಪಿನಿಂದ ಅಳಿಸಿದರೆ ಕ್ಲೋನ್ ಕೂಡ ಸತ್ತಂತೆಯೇ. ಇನ್ನೊಂದು ನೋಂದಣಿ. ಸ್ಟೀರಿಂಗ್ ಕೆಳಗಿನ ಓಬಿಡಿ ಪೋರ್ಟಿಗೆ (ಗಾಡಿಯ ಕಂಪ್ಯೂಟರಿನ ಜೊತೆ ಮಾತಾಡುವ ಸಾಕೆಟ್) ಯಂತ್ರ ಚುಚ್ಚಿ, ಭದ್ರತಾ ಪಿನ್ ಕೊಟ್ಟು, ಹೊಸ ಚಿಪ್ಪನ್ನು ಬೇರೆಯದೇ ಕೀಯಾಗಿ ಸೇರಿಸುತ್ತಾರೆ. ನಮ್ಮ ಒಲವು ಇದರ ಕಡೆಗೆ. ಆದರೆ ಎಚ್ಚರ ಬೇಕು. ಹಲವು ಗಾಡಿಗಳಲ್ಲಿ ನೋಂದಣಿ ಶುರುವಾಯಿತೆಂದರೆ ಹಳೇ ಪಟ್ಟಿ ಪೂರ್ತಿ ಅಳಿಯುತ್ತದೆ, ಆಗ ಮನೆಯಲ್ಲಿ ಬಿಟ್ಟು ಬಂದ ಸ್ಪೇರ್ ಕೀ ಕೆಲಸಕ್ಕೆ ಬಾರದು. ಇರುವ ಎಲ್ಲ ಕೀಗಳನ್ನೂ ಜೊತೆಗೆ ಒಯ್ಯಿರಿ. ಹಳೇ ಹ್ಯುಂಡೈಗಳಲ್ಲಿ ಮೂರು ಸಲ ತಪ್ಪು ಪಿನ್ ಕೊಟ್ಟರೆ ಒಂದು ಗಂಟೆ ಲಾಕ್ ಆಗುತ್ತದೆ. ಯಂತ್ರ ಹಿಡಿದವರು ಪಿನ್ ಊಹಿಸುತ್ತಿದ್ದಾರೆ ಎನಿಸಿದರೆ ಅಲ್ಲಿಗೇ ನಿಲ್ಲಿಸಿ. ಬ್ಯಾಟರಿ ಸೊರಗಿದ್ದರೆ ನೋಂದಣಿ ನಡುವೆಯೇ ಕೈಕೊಡುತ್ತದೆ. ಮೀಟರ್ ಹಚ್ಚಿ ನೋಡಿದಾಗ 12.4 ವೋಲ್ಟಿಗಿಂತ ಕಡಿಮೆ ಇದ್ದರೆ ಮೊದಲು ಚಾರ್ಜ್ ಮಾಡಿಸಿ, ಎ.ಸಿ., ಸ್ಟೀರಿಯೋ, ದೀಪ ಎಲ್ಲ ಆರಿಸಿರಿ.

ಎಲ್ಲ ಕೀಗಳೂ ಕಳೆದಿದ್ದರೆ ಮೊದಲು ಲೋಹದ ಭಾಗ ಆಗಬೇಕು. ಇಂಥ ಹೊತ್ತಿನಲ್ಲಿ ಕೈಪಳಗಿದವರು ಚಾಲಕನ ಬಾಗಿಲನ್ನು ಬಿಟ್ಟು ಮುಂದಿನ ಎಡಬಾಗಿಲ ಬೀಗವನ್ನು ಬಿಚ್ಚುತ್ತಾರೆ. ಬಳಕೆ ಕಡಿಮೆ, ಹಾಗಾಗಿ ಒಳಗಿನ ತಗಡುಗಳ ಅಳತೆ ಅಲ್ಲಿ ಹಾಳಾಗಿರುವುದಿಲ್ಲ. ಕೆಲವು ಬೀಗಗಳ ಮೈಮೇಲೇ ನಂಬರ್ ಇರುತ್ತದೆ. ಪಿನ್ ಗೊತ್ತಿಲ್ಲದಿದ್ದರೆ ಇಮೊಬಿಲೈಸರ್ ಡಬ್ಬಿ ಬಿಚ್ಚಿ ಅದರೊಳಗಿನ ಎಂಟು ಕಾಲಿನ ಮೆಮೊರಿ ಚಿಪ್ ಓದುವುದೂ ಉಂಟು. ಅದು ಬೆಸುಗೆ ಕಡ್ಡಿಯ ಕೆಲಸ. ಹಾಗೆ ಮಾಡುವವರಿಗೆ ಮೊದಲೇ ಹೇಳಿ: ಏನನ್ನಾದರೂ ಬರೆಯುವ ಮುನ್ನ ಮೂಲ ಡೇಟಾದ ಪ್ರತಿ ಉಳಿಸಬೇಕು, ಒಂದು ಪ್ರತಿ ನಿಮಗೂ ಕೊಡಬೇಕು. ಪ್ರತಿ ಇದ್ದರೆ ತಪ್ಪಾದರೂ ಹಿಂದಕ್ಕೆ ಹೋಗಬಹುದು. ಇಲ್ಲದಿದ್ದರೆ ಡಬ್ಬಿಯನ್ನೇ ಬದಲಿಸಬೇಕು.

ಶೋರೂಮಿನಲ್ಲಿ ಆರ್‌ಸಿ, ಗುರುತಿನ ಚೀಟಿ, ಉಳಿದ ಕೀ ಕೇಳುತ್ತಾರೆ. ಕಳೆದಿದ್ದರೆ ಪೊಲೀಸ್ ದೂರಿನ ಪ್ರತಿಯನ್ನೂ ಕೇಳಬಹುದು. ಷಾಸಿ ನಂಬರ್ ಕಳಿಸಿ ಕೀ ತರಿಸುವುದರಿಂದ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಕಾಯಬೇಕು. ಹಣವೂ ಹೊರಗಿನ ಅಂಗಡಿಗಿಂತ ಬಹಳ ಹೆಚ್ಚು. ಆದರೂ ಇದರ ಕೆಲಸ ಅಚ್ಚುಕಟ್ಟು: ಕೀ ಮೂಲ ಅಳತೆಯದು, ಬಿಲ್ ಇರುತ್ತದೆ. ಗಾಡಿ ಕಳುವಾದಾಗ ವಿಮಾ ಕಂಪನಿಗಳು ಎಲ್ಲ ಕೀಗಳನ್ನೂ ಕೇಳುತ್ತವೆ, ಒಂದು ಕಡಿಮೆ ಇದ್ದರೆ ಯಾಕೆ ಎಂಬ ಪ್ರಶ್ನೆ ಬರುತ್ತದೆ. ಆಗ ದೂರಿನ ಪ್ರತಿ ಮತ್ತು ಈ ಬಿಲ್ ನಿಮ್ಮ ಪರ ನಿಲ್ಲುತ್ತವೆ. ಪಾಲಿಸಿಯಲ್ಲಿ ಕೀ ಬದಲಾವಣೆಯ ಆ್ಯಡ್-ಆನ್ ಇದ್ದರೆ ಖರ್ಚಿನ ಲೆಕ್ಕವೇ ತಿರುಗಿ, ಶೋರೂಮೇ ಲಾಭ. ಹಣ ಕೊಡುವ ಮುಂಚೆ ಪಾಲಿಸಿ ತೆಗೆದು ಓದಿ. ಡೇವೂ ಮಟೀಜ್‌ನಂಥ, ಕಂಪನಿಯೇ ಇಲ್ಲಿಲ್ಲದ ಗಾಡಿಗಳಿಗೆ ಈ ಬಾಗಿಲು ಮುಚ್ಚಿದೆ.

ಬೀಗದ ಸೆಟ್ ಬದಲಿಸುವುದು 800, ಓಮ್ನಿಗಳಿಗೆ ಒಳ್ಳೆಯ ದಾರಿ, ಅದರಲ್ಲೂ ಕೀ ಆನ್‌ನಲ್ಲಿದ್ದಾಗಲೇ ಹೊರಗೆ ಬರುವಷ್ಟು ಬೀಗ ಸವೆದಿದ್ದರೆ. ಇಗ್ನಿಷನ್, ಎರಡು ಬಾಗಿಲು ಎಲ್ಲ ಒಂದೇ ಕೀಗೆ ಹೊಂದುವ ಸೆಟ್ ಜೆ.ಸಿ. ರಸ್ತೆಯಲ್ಲಿ ಸಿಗುತ್ತದೆ. ಕಷ್ಟ ಇರುವುದು ಬಿಚ್ಚುವುದರಲ್ಲಿ. ಸ್ಟೀರಿಂಗ್ ಕಂಬಕ್ಕೆ ಇಗ್ನಿಷನ್ ಬೀಗ ಹಿಡಿದಿಡುವ ಬೋಲ್ಟುಗಳ ತಲೆಯನ್ನು ಕಾರ್ಖಾನೆಯಲ್ಲೇ ಮುರಿದಿರುತ್ತಾರೆ, ಕಳ್ಳ ಬಿಚ್ಚಬಾರದೆಂದು. ಉಳಿಯಿಂದ ಬದಿಗೆ ತಟ್ಟಿ ತಿರುಗಿಸಬೇಕು, ಇಲ್ಲವೇ ಡ್ರಿಲ್ ಹಾಕಬೇಕು. ಅವಸರದ ಕೈಗೆ ಕೊಟ್ಟರೆ ಕಂಬಕ್ಕೇ ಪೆಟ್ಟು. ಚಿಪ್ ಇರುವ ಗಾಡಿಯಲ್ಲಿ ಸೆಟ್ ಬದಲಿಸಿದರೂ ಇಮೊಬಿಲೈಸರ್ ಹಳೇ ಚಿಪ್ಪನ್ನೇ ಕೇಳುತ್ತದೆ ಎಂಬುದು ನೆನಪಿರಲಿ.

ಫ್ಲಿಪ್ ಕೀ ಶೆಲ್ (ಮಡಚುವ ಕೀಯ ಹೊಸ ಪ್ಲಾಸ್ಟಿಕ್ ಕವಚ) ಹಾಕಿಸುವವರು ಹಳೇ ತಲೆಯೊಳಗಿನ ಅಕ್ಕಿಕಾಳಿಗಿಂತ ಕೊಂಚ ದೊಡ್ಡ ಗಾಜಿನ ಚಿಪ್ಪನ್ನು, ಅಥವಾ ಕಪ್ಪು ತುಣುಕನ್ನು, ಹೊಸದರೊಳಗೆ ಕೂರಿಸಲು ಮರೆಯದಂತೆ ನೋಡಿಕೊಳ್ಳಿ. ಗಾಜಿನದು ಇಕ್ಕಳ ತಾಗಿದರೂ ಒಡೆಯುತ್ತದೆ. ಗುಜರಿಯ ಹಳೇ ಕೀ ತಂದು ಪ್ರೋಗ್ರಾಮ್ ಮಾಡಿಸುವುದು ಬೇಡ, ಒಮ್ಮೆ ಬರೆದು ಲಾಕ್ ಆದ ಚಿಪ್ ಹಲವು ಮಾದರಿಗಳಲ್ಲಿ ಮತ್ತೆ ಒಪ್ಪುವುದಿಲ್ಲ.

ಇನ್ನೊಂದು ಸಲಹೆ ಅಂಗಡಿಗಳಲ್ಲಿ ಕೇಳಿಬರುತ್ತದೆ: ಒಂದು ಚಿಪ್ಪನ್ನು ಬಳೆಯ ಪಕ್ಕದಲ್ಲೇ ಅಂಟಿಸಿಬಿಟ್ಟರೆ ನೂರು ರೂಪಾಯಿಯ ಸಾದಾ ಕೀಯಿಂದಲೂ ಗಾಡಿ ಓಡುತ್ತದೆ. ಓಡುತ್ತದೆ, ನಿಜ. ಕಳ್ಳನಿಗೂ ಓಡುತ್ತದೆ. ದಯವಿಟ್ಟು ಒಪ್ಪಬೇಡಿ.

ಕೆಲಸ ಮುಗಿದ ಮೇಲೆ ಹೊಸ ಕೀಯನ್ನು ಇಗ್ನಿಷನ್, ಎರಡೂ ಬಾಗಿಲು, ಡಿಕ್ಕಿ, ಪೆಟ್ರೋಲ್ ಮುಚ್ಚಳ ಎಲ್ಲದರಲ್ಲೂ ತಿರುಗಿಸಿ. ಎಂಜಿನನ್ನು ಐದಾರು ಸಲ ಆರಿಸಿ ಹಚ್ಚಿ, ಪ್ರತಿ ಸಲವೂ ಅರ್ಧ ನಿಮಿಷವಾದರೂ ಓಡಲಿ. ಆ ಹೊತ್ತಿನಲ್ಲಿ ಹಳೇ ಕೀ ಬಳೆಯ ಹತ್ತಿರ ಇರಬಾರದು; ಒಂದೇ ಗೊಂಚಲಿನಲ್ಲಿ ಎರಡೂ ತೂಗಾಡುತ್ತಿದ್ದರೆ ಹೊಸದು ಸತ್ತಿದ್ದರೂ ಗಾಡಿ ಹತ್ತಬಹುದು. ಆಮೇಲೆ ಅದೇ ಯಂತ್ರದಲ್ಲಿ ಎಷ್ಟು ಕೀ ನೋಂದಣಿಯಾಗಿದೆ ಎಂದು ತೋರಿಸಲು ಹೇಳಿ. ನಿಮ್ಮ ಕೈಯಲ್ಲಿ ಎರಡಿದ್ದು ಪರದೆಯಲ್ಲಿ ಮೂರು ಕಂಡರೆ, ಮೂರನೆಯದನ್ನು ಅಲ್ಲೇ ಅಳಿಸಿಸಿದ ಮೇಲೇ ಹಣ ಕೊಡಿ.